ಅಲುಗುತ್ತಿದ್ದದ್ದು ಮೋಟಾರ್, ಟೊಳ್ಳಾಗಿದ್ದದ್ದು ಬುಡ

ತುಂಗಭದ್ರಾ ದಡದಲ್ಲಿ ನಮ್ಮ ಕಾರ್ಖಾನೆಗೆ ನೀರೆತ್ತುವ ಒಂದು ಜಾಕ್‌ವೆಲ್, ಅಂದರೆ ನದಿನೀರು ಬಂದು ನಿಲ್ಲುವ ದೊಡ್ಡ ಬಾವಿ, ಇದೆ. ಅದರ ಮೇಲೆ ನಾಲ್ಕು ವರ್ಟಿಕಲ್ ಟರ್ಬೈನ್ ಪಂಪ್‌ಗಳು. ಪಂಪ್ ಕೆಳಗೆ ನೀರಲ್ಲಿ ಇಳಿಬಿದ್ದಿರುತ್ತದೆ, ಮೋಟಾರ್ ಮೇಲೆ, ನೀರನ್ನು ಪೈಪಿಗೆ ತಿರುಗಿಸುವ ಡಿಸ್ಚಾರ್ಜ್ ಹೆಡ್ ಅನ್ನೋ ಪೀಠದ ಮೇಲೆ ನಿಂತಿರುತ್ತದೆ. ಒಂದು ಬೇಸಿಗೆಯಲ್ಲಿ ಮೂರನೇ ಪಂಪ್ ನಡುಗಲು ಶುರುಮಾಡಿತು. ಮೋಟಾರ್ ತಲೆಯ ಹತ್ತಿರ ಸೆಕೆಂಡಿಗೆ 11 ಮಿ.ಮೀ. ವೈಬ್ರೇಶನ್. ನಮ್ಮಲ್ಲಿ 4.5 ದಾಟಿದರೇ ಎಚ್ಚರಿಕೆ.

ಮೊದಲ ತಪ್ಪು ನನ್ನದೇ. ಸ್ಪೆಕ್ಟ್ರಮ್, ಅಂದರೆ ಯಾವ ವೇಗದ ಅಲುಗಾಟ ಎಷ್ಟಿದೆ ಅಂತ ತೋರಿಸುವ ಗ್ರಾಫ್, ನೋಡಿದೆ. ಒಂದೇ ಒಂದು ದೊಡ್ಡ ಪೀಕ್, ಅದೂ ಸರಿಯಾಗಿ ತಿರುಗುವ ವೇಗದಲ್ಲಿ. 1480 ಆರ್‌ಪಿಎಂ ಅಂದರೆ ಸೆಕೆಂಡಿಗೆ 24.7 ಸುತ್ತು, 24.7 ಹರ್ಟ್ಸ್. ಇಂಥ ಪೀಕ್ ಕಂಡರೆ ಯಾರಾದರೂ ಮೊದಲು ಹೇಳೋದು ಅನ್‌ಬ್ಯಾಲೆನ್ಸ್, ತಿರುಗುವ ಭಾಗದ ತೂಕ ಒಂದು ಕಡೆ ಹೆಚ್ಚಾಗಿದೆ ಅಂತಲೇ. ನಾನೂ ಹಾಗೇ ಬರೆದೆ. ಮೋಟಾರ್ ಇಳಿಸಿ ವರ್ಕ್‌ಶಾಪಿಗೆ ಕಳಿಸಿದೆವು. ರೋಟರ್ ಬ್ಯಾಲೆನ್ಸ್ ಆಯಿತು, ಬೇರಿಂಗ್ ಹೊಸದಾಯಿತು. ಎರಡು ವಾರ ಬಿಟ್ಟು ತಂದು ಕೂರಿಸಿದರೆ 10.2. ಅಷ್ಟಕ್ಕೆ ಎರಡು ವಾರ!

ಆಮೇಲೆ ಸುಮ್ನೆ ಕೂತು ಹಳೆಯ ರೀಡಿಂಗ್‌ಗಳನ್ನು ತೆಗೆದು ನೋಡಿದೆ. ಪೈಪ್ ಹೋಗುವ ದಿಕ್ಕಿನಲ್ಲಿ 3, ಅದಕ್ಕೆ ಅಡ್ಡ ದಿಕ್ಕಿನಲ್ಲಿ 11. ಬರೀ ಅನ್‌ಬ್ಯಾಲೆನ್ಸ್ ಆಗಿದ್ದರೆ ಆ ಬಲ ಸುತ್ತಲೂ ತಿರುಗುತ್ತದೆ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಅಲುಗಬೇಕಿತ್ತು. ಒಂದೇ ದಿಕ್ಕಿಗೆ ಇಷ್ಟು ಜಾಸ್ತಿ ಅಂದರೆ ರೆಸೋನೆನ್ಸ್ ಇರಬಹುದು ಅನ್ನೋ ಅನುಮಾನ ಬರಲೇಬೇಕಿತ್ತು. ನೆಲಕ್ಕೆ ನೆಟ್ಟ ಕಂಬದ ತುದಿಯಲ್ಲಿ ಭಾರ ಇಟ್ಟ ಹಾಗೆ ಈ ಪಂಪ್. ತಳ್ಳಿ ಬಿಟ್ಟರೆ ತನ್ನದೇ ಒಂದು ಲಯದಲ್ಲಿ ತೂಗುತ್ತದೆ. ಆ ಲಯಕ್ಕೂ ಮೋಟಾರ್ ವೇಗಕ್ಕೂ ತಾಳ ಕೂಡಿತೋ, ಸಣ್ಣ ಅನ್‌ಬ್ಯಾಲೆನ್ಸ್ ಸಹ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ಪೈಪ್ ಕಡೆಗೆ ಪೈಪೇ ಹಿಡಿದುಕೊಂಡಿರುತ್ತದೆ. ಅಡ್ಡಕ್ಕೆ ಹಿಡಿಯೋರು ಯಾರೂ ಇಲ್ಲ. ಸಾಲದ್ದಕ್ಕೆ ನಮ್ಮ ಡಿಸ್ಚಾರ್ಜ್ ಹೆಡ್‌ನಲ್ಲಿ ಮೋಟಾರನ್ನು ಪಂಪ್ ಶಾಫ್ಟಿಗೆ ಜೋಡಿಸುವ ಕಪ್ಲಿಂಗ್‌ಗೆ ಕೈ ಹಾಕಲು ಕೊರೆದ ಎರಡು ಕಿಟಕಿ ಬೇರೆ, ಅಷ್ಟರಮಟ್ಟಿಗೆ ಬಿಗಿ ಕಡಿಮೆ.

ಈ ಸಲ ಕ್ರಮವಾಗಿ ಹೋದೆ. ಕಪ್ಲಿಂಗ್ ಬಿಚ್ಚಿ ಮೋಟಾರ್ ಒಂದನ್ನೇ ಓಡಿಸಿದೆವು: 8.4. ಅಂದರೆ ನೀರನ್ನು ತಳ್ಳುವ ಇಂಪೆಲ್ಲರ್, ಶಾಫ್ಟ್, ನೀರಿನ ಸುಳಿ ಇವು ಮುಖ್ಯ ಕಾರಣ ಅಲ್ಲ. ಪಂಪ್ ಮೇಲೆತ್ತುವ ದೊಡ್ಡ ಕೆಲಸ ಅಲ್ಲಿಗೆ ತಪ್ಪಿತು. ನಂತರ ಓಡುತ್ತಿರುವಾಗಲೇ ಸ್ವಿಚ್ ಆರಿಸಿ ಗಮನಿಸಿದೆ. ಕರೆಂಟ್ ಹೋದ ಕ್ಷಣಕ್ಕೇ ವೈಬ್ರೇಶನ್ ಬಿದ್ದಿದ್ದರೆ ದೋಷ ವೈಂಡಿಂಗ್ ಕಡೆಯದು, ಎಲೆಕ್ಟ್ರಿಕಲ್. ಇಲ್ಲಿ ಹಾಗಾಗಲಿಲ್ಲ. ವೇಗ ನೂರು ಆರ್‌ಪಿಎಂ ಇಳಿಯುವಷ್ಟರಲ್ಲಿ ದಡಕ್ಕನೆ ಕುಸಿಯಿತು.

ಬಂಪ್ ಟೆಸ್ಟ್ ಬಾಕಿ ಇತ್ತು. ನಿಂತ ಪಂಪ್‌ನ ಮೋಟಾರ್‌ಗೆ ಮರದ ತುಂಡು ಅಡ್ಡ ಇಟ್ಟು ಸುತ್ತಿಗೆಯಿಂದ ಹೊಡೆದು, ಅದು ಯಾವ ಲಯದಲ್ಲಿ ತೂಗುತ್ತದೆ ಅಂತ ಅಳೆಯುವುದು. ಪಕ್ಕದ ಪಂಪ್‌ಗಳು ಓಡುತ್ತಿದ್ದರೆ ಅವುಗಳ 24.7 ಇಲ್ಲೂ ನುಸುಳಿ ಮೋಸ ಮಾಡುತ್ತದೆ. ಎಲ್ಲವನ್ನೂ ನಿಲ್ಲಿಸಿ ಅಂದರೆ ಪ್ರೊಡಕ್ಷನ್‌ನವರು ಒಪ್ಪುತ್ತಾರಾ? ಕೊನೆಗೆ ಟ್ಯಾಂಕ್ ತುಂಬಿದ ಒಂದು ರಾತ್ರಿ ಹತ್ತು ನಿಮಿಷ ಕೊಟ್ಟರು. ಪೈಪ್ ದಿಕ್ಕಿನಲ್ಲಿ 33 ಹರ್ಟ್ಸ್ ಬಂತು. ಅಡ್ಡಕ್ಕೆ 25.3. ಓಡುವ ವೇಗದ ಪಕ್ಕದಲ್ಲೇ ಕೂತಿತ್ತು.

ಆದರೆ ಇಷ್ಟು ವರ್ಷ ಚೆನ್ನಾಗಿ ಓಡಿದ ಪಂಪ್‌ಗೆ ಈಗ್ಯಾಕೆ ರೆಸೋನೆನ್ಸ್? ತೂಗುವ ಲಯ ನಿಂತಿರುವುದು ಭಾರ ಮತ್ತು ಬಿಗಿಯ ಮೇಲೆ. ಮೋಟಾರ್ ಅದೇ, ಭಾರ ಅದೇ. ಹಾಗಾದರೆ ಬಿಗಿ ಎಲ್ಲೋ ಸಡಿಲಾಗಿದೆ. ಮೇಲಿಂದ ಕೆಳಕ್ಕೆ ಒಂದೊಂದೇ ಜಾಗದಲ್ಲಿ ರೀಡಿಂಗ್ ತೆಗೆದೆ. ಮೋಟಾರ್ ಬುಡ 6, ಡಿಸ್ಚಾರ್ಜ್ ಹೆಡ್ ಬುಡ 2.1, ಅದರಡಿಯ ಲೋಹದ ಹಲಗೆ ಸೋಲ್ ಪ್ಲೇಟ್ 1.9, ಅದರ ಪಕ್ಕದ ಕಾಂಕ್ರೀಟ್ 0.3. ಒಂದು ಗೇಣು ದೂರದಲ್ಲಿ ಇಷ್ಟು ವ್ಯತ್ಯಾಸ! ಪ್ಲೇಟ್ ಕಾಂಕ್ರೀಟಿಗೆ ಅಂಟಿಕೊಂಡಿದ್ದರೆ ಎರಡೂ ಒಟ್ಟಿಗೆ ಅಲುಗಬೇಕಲ್ವಾ?

ನಮ್ಮ ಫಿಟ್ಟರ್ ಕಾಕಾ ಸಣ್ಣ ಸುತ್ತಿಗೆ ತಗೊಂಡು ಪ್ಲೇಟ್ ಸುತ್ತ ಬಡಿಯುತ್ತಾ ಬಂದರು. ಟಣ್ ಟಣ್ ಅನ್ನುತ್ತಿದ್ದದ್ದು ಒಂದು ಮೂಲೆಗೆ ಬಂದಾಗ ಡಬ್ ಅಂತು. “ಸರ, ಇಲ್ಲಿ ಟೊಳ್ಳ ಐತಿ ನೋಡ್ರಿ,” ಅಂದರು. ಸೀಮೆಸುಣ್ಣದಲ್ಲಿ ಗುರುತು ಮಾಡಿದರೆ ಪ್ಲೇಟ್‌ನ ಮೂರನೇ ಒಂದು ಭಾಗದ ಕೆಳಗೆ ಗ್ರೌಟ್, ಅಂದರೆ ಪ್ಲೇಟಿಗೂ ಕಾಂಕ್ರೀಟಿಗೂ ನಡುವೆ ತುಂಬಿದ ಗಾರೆ, ಬಿಟ್ಟುಹೋಗಿತ್ತು. ಶಾಫ್ಟ್ ಹೊರಬರುವ ಕಡೆ ನೀರು ತಡೆಯುವ ಗ್ಲ್ಯಾಂಡ್‌ನಿಂದ ಸೋರುವ ನೀರು ವರ್ಷಗಟ್ಟಲೆ ಅದೇ ಮೂಲೆಗೆ ಹರಿಯುತ್ತಿತ್ತು. ನಾವು ದಿನಾ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದೆವು.

ಪ್ಲೇಟಿಗೆ ತೂತು ಕೊರೆದು ಎಪಾಕ್ಸಿ ಗ್ರೌಟ್ ಇಂಜೆಕ್ಟ್ ಮಾಡಿದೆವು. ಒತ್ತಡ ಜಾಸ್ತಿಯಾದರೆ ಪ್ಲೇಟೇ ಮೇಲೆದ್ದು ಲೆವೆಲ್ ಕೆಡುತ್ತದೆ, ಅದಕ್ಕೆ ಸ್ವಲ್ಪ ಸರಿದರೂ ತೋರಿಸುವ ಡಯಲ್ ಗೇಜ್ ಇಟ್ಟು ಮುಳ್ಳಿನ ಮೇಲೆ ಕಣ್ಣಿಟ್ಟೇ ತುಂಬಿಸಿದೆವು. ಗಟ್ಟಿಯಾದ ಮೇಲೆ ಫೌಂಡೇಶನ್ ಬೋಲ್ಟ್ ಬಿಗಿದು ಮತ್ತೆ ಬಂಪ್ ಟೆಸ್ಟ್: 30.5 ಹರ್ಟ್ಸ್. ಓಡುವ ವೇಗದಿಂದ ಕಡಿಮೆ ಅಂದರೂ ಶೇ. 20 ದೂರ ಇರಲಿ ಅನ್ನೋದು ನನ್ನ ಲೆಕ್ಕ. ಅದಕ್ಕಿಂತ ಸ್ವಲ್ಪ ಹೆಚ್ಚೇ ಸಿಕ್ಕಿತು. ಪಂಪ್ ಜೋಡಿಸಿ ಓಡಿಸಿದಾಗ ಮೋಟಾರ್ ತಲೆಯಲ್ಲಿ 2.6.

ಕಾಕಾ ಅಷ್ಟಕ್ಕೆ ಸುತ್ತಿಗೆ ಕೆಳಗಿಡಲಿಲ್ಲ. ಉಳಿದ ಮೂರು ಪಂಪ್‌ಗಳ ಬುಡವನ್ನೂ ಬಡಿದು ನೋಡಿದರು. ಒಂದನೇ ಪಂಪ್‌ನ ಒಂದು ಮೂಲೆಯೂ ಡಬ್ ಅಂತು. ಅದರ ವೈಬ್ರೇಶನ್ ಇನ್ನೂ 3 ದಾಟಿಲ್ಲ, ಬಂಪ್ ಟೆಸ್ಟಿನಲ್ಲಿ ಮಾತ್ರ 28 ಹರ್ಟ್ಸ್ ತೋರಿಸಿತು. ಮುಂದಿನ ಶಟ್‌ಡೌನ್ ಪಟ್ಟಿಗೆ ಅದನ್ನು ಸೇರಿಸಿದ್ದೇನೆ. ಸೋರುವ ನೀರಿಗೆ ಒಂದು ಡ್ರೈನ್ ಪೈಪ್ ಮಾತ್ರ ಅವತ್ತೇ ಹಾಕಿಸಿದೆ.