ಬಾಯಿಮಾತಿನ ನಿಯಮಗಳನ್ನು ಕಾಗದಕ್ಕಿಳಿಸಿದೆವು

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಆಟಿಸಂ (ಮಾತು, ಬೆರೆಯುವ ರೀತಿ ಬೇರೆಯಾಗಿರುವುದು) ಇರುವ ಒಬ್ಬ ಹುಡುಗ, ಎಡಿಎಚ್‌ಡಿ (ಗಮನ ಹಿಡಿದಿಡುವುದು, ಕೆಲಸ ಶುರು ಮಾಡುವುದು ಕಷ್ಟವಾಗುವುದು) ಇರುವ ಒಬ್ಬ ಹೆಣ್ಣುಮಗಳು ಕೆಲಸ ಮಾಡುತ್ತಾರೆ. ಪಕ್ಕದ ಸ್ಟೋರ್ಸ್‌ನಲ್ಲಿ ಡಿಸ್ಲೆಕ್ಸಿಯಾ (ಓದು-ಬರಹ ಕಷ್ಟವಾಗುವುದು) ಇರುವ ಒಬ್ಬರಿದ್ದಾರೆ. ಇಂಥ ನ್ಯೂರೋಡೈವರ್ಜೆಂಟ್, ಅಂದರೆ ಮಿದುಳು ಬೇರೆ ರೀತಿಯಲ್ಲಿ ಕೆಲಸ ಮಾಡುವ, ಜನರಿಗೆ ಕೆಲಸ ಕೊಡುವುದು ದೊಡ್ಡ ಐಟಿ ಕಂಪನಿಗಳ ವಿಷಯ ಅಂತ ನಮ್ಮಂಥ ಕಡೆ ಬಹಳ ಜನ ನಂಬಿದ್ದಾರೆ. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2013ರಲ್ಲಿ ಆಟಿಸಂ ಇರುವವರ ನೇಮಕಾತಿ ಕಾರ್ಯಕ್ರಮ ಶುರು ಮಾಡಿದಾಗ ಅದರ ಬೆಂಗಳೂರು ಕಚೇರಿಯೂ ಮುಂದಿತ್ತು, ನಿಜ. ಆದರೆ ನಾವು ಮಾಡಿದ್ದರಲ್ಲಿ ದುಡ್ಡು ಕೇಳಿದ್ದು ಬಹಳ ಕಡಿಮೆ. ಬದಲಾಗಬೇಕಾಗಿದ್ದು ನಾವು ಕೆಲಸ ಹೇಳುವ ರೀತಿ.

ಮೊದಲು ಸಂದರ್ಶನ. "ನಿಮ್ಮ ಬಗ್ಗೆ ಸ್ವಲ್ಪ ಹೇಳಿ", "ಐದು ವರ್ಷದಲ್ಲಿ ಎಲ್ಲಿರ್ತೀರಿ" ಎಂಬ ಪ್ರಶ್ನೆಗಳನ್ನು ಕೈಬಿಟ್ಟೆವು. ಬಿಲ್ ಪಾಸ್ ಮಾಡುವ ಕೆಲಸಕ್ಕೂ ಆ ಪ್ರಶ್ನೆಗಳಿಗೂ ಏನು ಸಂಬಂಧ? ಬದಲಿಗೆ ಒಂದು ಕಟ್ಟು ಹಳೆಯ ಬಿಲ್‌ಗಳು, ಅವುಗಳ ಪರ್ಚೇಸ್ ಆರ್ಡರ್, ಮಾಲು ಬಂದಾಗ ಸ್ಟೋರ್ಸ್‌ನವರು ಬರೆದ ಸ್ವೀಕೃತಿ ಚೀಟಿ (ಜಿಆರ್‌ಎನ್) ಕೊಟ್ಟು, ಮೂರನ್ನೂ ತಾಳೆ ನೋಡಿ ಎಲ್ಲಿ ವ್ಯತ್ಯಾಸ ಇದೆ ಹೇಳಿ ಎಂದೆವು. ಯಾವ ಗೇಟಿನಿಂದ ಬರಬೇಕು, ಯಾರು ಎದುರಾಗುತ್ತಾರೆ, ಎಷ್ಟು ಹೊತ್ತು, ಏನು ಕೇಳುತ್ತೇವೆ ಎಂಬುದನ್ನೆಲ್ಲ ಎರಡು ದಿನ ಮುಂಚೆಯೇ ಬರೆದು ಕಳಿಸಿದ್ದೆವು. ಉತ್ತರ ಬಾಯಲ್ಲಿ ಹೇಳಿದರೂ ಸರಿ, ಬರೆದುಕೊಟ್ಟರೂ ಸರಿ.

ತುಮಕೂರಿನಿಂದ ಬಂದಿದ್ದ ಆ ಹುಡುಗನ ಜೊತೆ ಅವನ ತಂದೆಯೂ ಬಂದಿದ್ದರು. "ಮಾತು ಕಡಿಮೆ ಮೇಡಂ, ಮುಖ ನೋಡಿ ಮಾತಾಡಲ್ಲ, ದಯವಿಟ್ಟು ತಪ್ಪು ತಿಳ್ಕೋಬೇಡಿ" ಅಂದರು. ಒಳಗೆ ಅವನು ಒಂದು ಬಿಲ್‌ನ ಜಿಎಸ್‌ಟಿ ದರ ಪರ್ಚೇಸ್ ಆರ್ಡರ್‌ನಲ್ಲಿದ್ದುದಕ್ಕಿಂತ ಬೇರೆ ಇರುವುದನ್ನು ತೋರಿಸಿದ. ಆ ಬಿಲ್ ಪಾಸಾಗಿ ಹಣವೂ ಹೋಗಿತ್ತು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಇಂಥವರು ಎಷ್ಟು ಸಂದರ್ಶನಗಳಿಂದ ವಾಪಸ್ ಹೋಗಿರುತ್ತಾರೋ ಎಂದು ಸಂಕಟವಾಗುತ್ತದೆ.

ಅವನು ಕೆಲಸಕ್ಕೆ ಸೇರಿದ ಮೇಲೆ ಕಂಡದ್ದು ನಮ್ಮ ಕಚೇರಿ ಭಾಷೆಯ ತೊಡಕು. "ಟೈಮ್ ಸಿಕ್ಕಾಗ ನೋಡಿ" ಅಂದರೆ ಇವತ್ತೇ ಮುಗಿಸಿ ಅಂತ. "ಪರವಾಗಿಲ್ಲ ಬಿಡಿ" ಅಂದರೆ ಕೆಲವೊಮ್ಮೆ ಸರಿಯಿದೆ ಅಂತ, ಕೆಲವೊಮ್ಮೆ ಸರಿಯಿಲ್ಲ ಅಂತ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಏನನ್ನು, ಎಷ್ಟು? ಉಳಿದವರು ಮುಖಭಾವ ನೋಡಿ, ಪಕ್ಕದವರನ್ನು ಕೇಳಿ ಊಹಿಸಿಕೊಳ್ಳುತ್ತಾರೆ. ಅವನು ನಾವು ಹೇಳಿದ್ದನ್ನು ಹೇಳಿದಂತೆಯೇ ತೆಗೆದುಕೊಂಡ. ಹಾಗಾಗಿ ಪ್ರತಿ ಕೆಲಸಕ್ಕೂ ನಾಲ್ಕು ಸಾಲು ಬರೆಯುವುದು ಅಂತ ಗೊತ್ತುಮಾಡಿದೆ: ಏನು ಮಾಡಬೇಕು, ಯಾವ ದಿನ ಎಷ್ಟು ಗಂಟೆಗೆ ಬೇಕು, ಏನಾದರೆ ಮುಗಿದಂತೆ, ಸಂಶಯ ಬಂದರೆ ಯಾರನ್ನು ಕೇಳಬೇಕು. ಇದನ್ನು ರೂಢಿ ಮಾಡಿಕೊಳ್ಳಲು ನಮ್ಮ ಸೀನಿಯರ್‌ಗಳಿಗೆ ಕಷ್ಟವಾಯಿತು. ನನಗೇನು ಬೇಕು ಅನ್ನುವುದು ನನಗೇ ಸ್ಪಷ್ಟವಿಲ್ಲದೆ ಆ ನಾಲ್ಕು ಸಾಲು ಬರೆಯಲಾಗುವುದಿಲ್ಲವಲ್ಲ.

ಡಿಸ್ಲೆಕ್ಸಿಯಾ ಇರುವ ಸ್ಟೋರ್ಸ್‌ನವರ ವಿಷಯದಲ್ಲಿ ಇದೇ ಉಪಾಯ ಅಡ್ಡಬಂತು. ಅವರಿಗೆ ಉದ್ದ ಬರಹವೇ ಹೊರೆ, ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದರೆ ಸಲೀಸು. ಒಂದೇ ಥರ ಕಾಣುವ ಪಾರ್ಟ್ ನಂಬರ್‌ಗಳಿಗೆ ಬಣ್ಣದ ಟ್ಯಾಗ್ ಕಟ್ಟಿ, ಬಾರ್‌ಕೋಡ್ ಸ್ಕ್ಯಾನ್ ಮಾಡುವುದನ್ನು ಕಡ್ಡಾಯ ಮಾಡಿದ ಮೇಲೆ ಅವರು ನಂಬರ್ ಓದಿ ನಕಲು ಮಾಡುವ ಅಗತ್ಯವೇ ಉಳಿಯಲಿಲ್ಲ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಅದಕ್ಕೇ ಈಗ ಮೊದಲ ವಾರದಲ್ಲೇ ಎಲ್ಲರನ್ನೂ ಕೇಳುತ್ತೇನೆ: ಕೆಲಸ ಬರೆದುಕೊಡಲೋ, ಹೇಳಲೋ, ಮಾಡಿ ತೋರಿಸಲೋ?

ಎಡಿಎಚ್‌ಡಿ ಇರುವ ಸಹೋದ್ಯೋಗಿಗೆ ತಿಂಗಳ ಲೆಕ್ಕದ ಗಡುವುಗಳದ್ದೇ ಪೀಡೆ. ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-1 ಹನ್ನೊಂದನೇ ತಾರೀಖಿಗೆ, ತೆರಿಗೆ ಕಟ್ಟುವ ರಿಟರ್ನ್ 3ಬಿ ಇಪ್ಪತ್ತಕ್ಕೆ. ಗಡುವು ದೂರ ಇದ್ದಾಗ ಅವರಿಗೆ ಕೆಲಸ ಶುರು ಮಾಡಲಾಗುತ್ತಿರಲಿಲ್ಲ, ಹತ್ತಿರ ಬಂದಾಗ ರಾತ್ರಿಯೆಲ್ಲ ಕೂರುತ್ತಿದ್ದರು. ಇಡೀ ಕೆಲಸವನ್ನು ಚಿಕ್ಕ ಚಿಕ್ಕ ತಾರೀಖುಗಳಿಗೆ ಹಂಚಿದೆವು. ಸಪ್ಲೈಯರ್‌ಗಳ ಫೋನ್ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಮಾತ್ರ. ಬೆಳಗ್ಗೆ ಒಂದು ಗಂಟೆ ನಾನೂ ಅವರೂ ಎದುರುಬದುರು ಕೂತು ನಮ್ಮ ನಮ್ಮ ಕೆಲಸ ಮಾಡುತ್ತೇವೆ, ಮಾತಿಲ್ಲ. "ಯಾರಾದ್ರೂ ಜೊತೆಗಿದ್ರೆ ಶುರು ಮಾಡೋದು ಸುಲಭ ಮೇಡಂ" ಅಂತ ಅದನ್ನು ಅವರೇ ಸೂಚಿಸಿದ್ದು.

ಸದ್ದು, ಬೆಳಕಿನದು ಸುಲಭವಾಗಿ ಬಗೆಹರಿಯಿತು. ಮಿಣುಕುತ್ತಿದ್ದ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿಸಿದೆವು, ಕಂಪ್ರೆಸರ್ ಗೋಡೆಯಿಂದ ಮೇಜು ದೂರ ಸರಿಸಿದೆವು. ಪ್ರೆಸ್ ಶಾಪ್‌ನಲ್ಲಿ ಎಲ್ಲರೂ ಹಾಕುವ ಇಯರ್ ಮಫ್ ಅಕೌಂಟ್ಸ್‌ನಲ್ಲೂ ಹಾಕಬಹುದು ಎಂದೆವು. ಆಯುಧಪೂಜೆಯ ದಿನ ತಮಟೆ, ಪಟಾಕಿ, ನೂರಾರು ಜನ. ಹುಡುಗ ಬೆಳಗ್ಗೆ ಏಳಕ್ಕೇ ಬಂದು ತನ್ನ ಕಂಪ್ಯೂಟರ್‌ಗೆ ಕುಂಕುಮ ಇಟ್ಟು, ಸ್ವೀಟ್ ಬಾಕ್ಸ್ ತೆಗೆದುಕೊಂಡು ಹೊರಡುತ್ತಾನೆ. ಅದಕ್ಕೆ ಅವನು ಯಾರಿಗೂ ಕಾರಣ ಹೇಳಬೇಕಿಲ್ಲ.

"ಅವರಿಗೊಂದು ರೂಲು, ನಮಗೊಂದು ರೂಲಾ?" ಅಂತ ಕೇಳಿದವರೂ ಇದ್ದರು. ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಎಲ್ಲ ಅನುಕೂಲವನ್ನೂ ಎಲ್ಲರಿಗೂ ತೆರೆದೆವು, ಸರ್ಟಿಫಿಕೇಟ್ ಕೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಆಟಿಸಂ, ಡಿಸ್ಲೆಕ್ಸಿಯಾ ಅದರಲ್ಲಿವೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಪಟ್ಟಿ ಹಿಡಿದುಕೊಂಡು ಕೂತಿದ್ದರೆ ಆ ಹೆಣ್ಣುಮಗಳಿಗೆ ನಾವು ಏನೂ ಮಾಡುವಂತಿರಲಿಲ್ಲ. ಅದೇ ಕಾಯ್ದೆಯ ನಿಯಮಗಳ ಪ್ರಕಾರ 20 ಅಥವಾ ಹೆಚ್ಚು ಜನ ಇರುವ ಖಾಸಗಿ ಸಂಸ್ಥೆ ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಒಬ್ಬ ಸಂಪರ್ಕಾಧಿಕಾರಿಯನ್ನೂ ನೇಮಿಸಬೇಕು. ಆಡಳಿತ ಮಂಡಳಿಯ ಮುಂದೆ ನಾನು ಹೆಚ್ಚು ಬಳಸಿದ ಮಾತು ಇದೇ. ಕರುಣೆಯ ಮಾತಾಡಿದರೆ ತಲೆದೂಗಿ ಸುಮ್ಮನಾಗುತ್ತಾರೆ, ಕಾನೂನಿನ ಮಾತಾಡಿದರೆ ಫೈಲ್ ಮುಂದೆ ಹೋಗುತ್ತದೆ.

ಯಾರಿಗೆ ಏನಿದೆ ಎಂಬುದನ್ನು ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳುವುದಿಲ್ಲ. ಇಲ್ಲಿ ಬರೆದಿರುವುದನ್ನೂ ಮೂವರಿಗೆ ತೋರಿಸಿಯೇ ಬರೆದಿದ್ದೇನೆ.

ಈಗ ಬಾಕಿ ಇರುವುದು ಬಡ್ತಿಯ ಪ್ರಶ್ನೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಕೆಲಸ ಕೊಟ್ಟು, ಫೋಟೋ ತೆಗೆಸಿ, ಹತ್ತು ವರ್ಷ ಅದೇ ಮೇಜಿನಲ್ಲಿ ಕೂರಿಸಿದರೆ ಅದು ಒಳಗೊಳ್ಳುವಿಕೆ ಆಗುವುದಿಲ್ಲ. ನಮ್ಮ ಅಪ್ರೈಸಲ್ ಫಾರಂನಲ್ಲಿ "ಎಲ್ಲರೊಂದಿಗೆ ಬೆರೆಯುವ ಗುಣ"ಕ್ಕೆ ಅಂಕವಿತ್ತು. ಅದನ್ನು ತೆಗೆದು "ಬೇರೆಯವರಿಗೆ ಬೇಕಾದ ಮಾಹಿತಿ ಸಮಯಕ್ಕೆ ಕೊಟ್ಟರೇ" ಎಂದು ಬದಲಿಸಲು ಒಪ್ಪಿಸಿದ್ದೇನೆ. ಸೀನಿಯರ್ ಆಗಬೇಕಾದರೆ ಕೈಕೆಳಗೆ ನಾಲ್ಕು ಜನ ಇರಲೇಬೇಕು ಎಂಬ ನಿಯಮ ಇನ್ನೂ ಹಾಗೇ ಇದೆ. ಜನರನ್ನು ನೋಡಿಕೊಳ್ಳದೆ, ಬಿಲ್ ಪರಿಶೀಲನೆಯಲ್ಲೇ ಪಳಗಿ ಮೇಲೇರುವ ಒಂದು ಹುದ್ದೆಯನ್ನು ಏಪ್ರಿಲ್‌ನಿಂದ ಸೃಷ್ಟಿಸಿ ಎಂದು ಬರೆದುಕೊಟ್ಟಿದ್ದೇನೆ. ಏನು ಕೆಲಸ, ಯಾವ ಅಳತೆ, ಎಷ್ಟು ಸಂಬಳ ಎಲ್ಲವೂ ಆ ಪತ್ರದಲ್ಲಿದೆ. ಕರಡನ್ನು ಓದಿ ಲೆಕ್ಕದಲ್ಲಿದ್ದ ಒಂದು ಕೂಡುವ ತಪ್ಪನ್ನು ತಿದ್ದಿಕೊಟ್ಟವನು ಆ ತುಮಕೂರಿನ ಹುಡುಗನೇ.