ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಜೀಪ್: ಆಕ್ಸಲ್ ರೇಶಿಯೊ ಕೊಳ್ಳುವ ಮೊದಲೇ ತಿಳಿದುಕೊಳ್ಳಿ

ಅಮೆರಿಕದಲ್ಲಿ ಹಳೇ ಗಾಡಿ ಕೊಳ್ಳುವಾಗ ಎಷ್ಟು ಮೈಲಿ ಓಡಿದೆ, ಆಕ್ಸಿಡೆಂಟ್ ಆಗಿತ್ತಾ, ಸಾಲ ಬಾಕಿ ಇದೆಯಾ ಅನ್ನುವುದಕ್ಕೆಲ್ಲ ಕಾಗದ ಇರುತ್ತದೆ. ಆಕ್ಸಲ್ (ಚಕ್ರಗಳ ಅಚ್ಚು) ಗೇರ್ ರೇಶಿಯೊ ಮಾತ್ರ ಮಾಲೀಕತ್ವದ ಕಾಗದವಾದ ಟೈಟಲ್‌ನಲ್ಲಿ ಇರುವುದಿಲ್ಲ. ಕಲ್ಲುಗುಡ್ಡ ಹತ್ತಲು ಗಾಡಿ ಬೇಕು ಅನ್ನುವವರಿಗೆ ಮೊದಲು ಗೊತ್ತಾಗಬೇಕಾದದ್ದೇ ಅದು.

ರೇಶಿಯೊ 4.10 ಅಂದರೆ ಚಕ್ರ ಒಂದು ಸುತ್ತು ತಿರುಗಲು, ಎಂಜಿನ್ ಕಡೆಯಿಂದ ಆಕ್ಸಲ್‌ಗೆ ಶಕ್ತಿ ತರುವ ಉದ್ದ ದಂಡ, ಅಂದರೆ ಡ್ರೈವ್‌ಶಾಫ್ಟ್ 4.10 ಸುತ್ತು ತಿರುಗಬೇಕು. ಸಂಖ್ಯೆ ದೊಡ್ಡದಾದಷ್ಟು ಎಳೆಯುವ ಶಕ್ತಿ ಜಾಸ್ತಿ, ಹೈವೇಯಲ್ಲಿ ಎಂಜಿನ್ ತಿರುಗುವುದೂ ಜಾಸ್ತಿ. 2007ರಿಂದ 2018ರವರೆಗಿನ, ಜೀಪ್ ಕಂಪನಿಯ ಜೆಕೆ ಮಾದರಿಯ ರ್‍ಯಾಂಗ್ಲರ್‌ಗಳಲ್ಲಿ 3.21, 3.73, 4.10 ಮೂರೂ ಸಿಗುತ್ತವೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. 3.21 ಇರುವ ಗಾಡಿಯ 29.3 ಇಂಚಿನ ಟೈರ್ ತೆಗೆದು 35 ಇಂಚಿನದು ಹಾಕಿದರೆ ಅದು ಸುಮಾರು 2.69 ಇರುವ ಗಾಡಿಯಂತೆ ನಡೆದುಕೊಳ್ಳುತ್ತದೆ. ನೋಡಲು ಗತ್ತು, ಏರಿನಲ್ಲಿ ಸುಸ್ತು.

ಮೊದಲು ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಿಡಿಯಿರಿ. ಮುಂದಿನ ಗಾಜಿನ ಮೂಲೆಯಲ್ಲಿ, ಡ್ರೈವರ್ ಕಡೆ, 17 ಅಕ್ಷರ-ಅಂಕಿಗಳ ಸಾಲು. ಅದೇ ಕಂಪನಿಯ ಡೀಲರ್‌ಶಿಪ್‌ನ ಪಾರ್ಟ್ಸ್ ಕೌಂಟರ್‌ನಲ್ಲಿ ಅದನ್ನು ಕೊಟ್ಟು ಬಿಲ್ಡ್ ಶೀಟ್, ಅಂದರೆ ಕಾರ್ಖಾನೆಯಲ್ಲಿ ಗಾಡಿಗೆ ಏನೇನು ಹಾಕಿದ್ದರು ಅನ್ನುವ ಪಟ್ಟಿ, ಕೇಳಿ. ಫೋರ್ಡ್, ಟೊಯೋಟಾಗಳಲ್ಲಿ ಬಾಗಿಲ ಕಂಬದ ಲೇಬಲ್‌ನಲ್ಲೇ ಆಕ್ಸಲ್ ಕೋಡ್ ಇರುತ್ತದೆ. ಷೆವ್ರೊಲೆಯ ಕೋಡ್ ಪಟ್ಟಿಯಲ್ಲಿ ಜಿಯು6 ಅಂದರೆ 3.42, ಜಿಟಿ4 ಅಂದರೆ 3.73.

ಇದೆಲ್ಲ ಕಾರ್ಖಾನೆಯಿಂದ ಹೊರಟ ದಿನದ ಮಾತು. ಇಲ್ಲಿ ಮನೆಯ ಗ್ಯಾರೇಜ್‌ನಲ್ಲೇ ಗೇರ್ ಬದಲಿಸುವವರಿದ್ದಾರೆ. ಜಂಕ್‌ಯಾರ್ಡ್‌ನಿಂದ ಇಡೀ ಆಕ್ಸಲ್ ತಂದು ಕೂರಿಸುವವರೂ ಇದ್ದಾರೆ. ಆಕ್ಸಲ್ ನಡುವಿನ ಗೇರ್ ಗೂಡಾದ ಡಿಫರೆನ್ಷಿಯಲ್ ಕವರ್‌ನ ಬೋಲ್ಟಿಗೆ ಸಿಕ್ಕಿಸಿದ ಪುಟ್ಟ ತಗಡಿನಲ್ಲಿ 41, 11 ಅಂತ ಹಲ್ಲುಗಳ ಲೆಕ್ಕ ಕಂಡರೆ ಭಾಗಿಸಿ ನೋಡಿ, 3.73 ಬರುತ್ತದೆ. ಆದರೆ ಒಳಗಿನ ಗೇರ್ ಬದಲಾದ ಮೇಲೂ ಹಳೇ ತಗಡು ಹಾಗೇ ಉಳಿದಿರಬಹುದು ಅಲ್ವಾ?

ಹಾಗಾಗಿ ಎಣಿಸಿಯೇ ನೋಡಬೇಕು. ಜೆಕೆಯ ಮುಂದಿನ ಆಕ್ಸಲ್‌ನಲ್ಲಿ ಇದು ಸುಲಭ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ 2ಎಚ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಡಿ. ಮುಂದಿನ ಒಂದೇ ಚಕ್ರ ಎತ್ತಿ, ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಯಾವತ್ತೂ ಗಾಡಿ ಕೆಳಗೆ ತಲೆ ಹಾಕಬೇಡಿ. ಟೈರಿಗೂ ಡ್ರೈವ್‌ಶಾಫ್ಟಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದಲ್ಲೇ ಇರುವುದರಿಂದ ಎರಡು ಸುತ್ತಿಗೆ ಒಳಗಿನ ಕ್ರೌನ್ (ದೊಡ್ಡ ಗೇರ್) ಒಂದೇ ಸುತ್ತು ಬರುತ್ತದೆ. ಅಷ್ಟರಲ್ಲಿ ಶಾಫ್ಟ್ ಮೂರು ಮುಕ್ಕಾಲಿಗೆ ಚೂರು ಕಡಿಮೆ ತಿರುಗಿದರೆ 3.73, ನಾಲ್ಕು ದಾಟಿ ಸ್ವಲ್ಪ ಮುಂದೆ ಹೋದರೆ 4.10, ನಾಲ್ಕೂವರೆ ಮೀರಿದರೆ 4.56. ಚಕ್ರ ತಿರುಗಲೇ ಇಲ್ಲವಾದರೆ ಒಳಗೆ ಎರಡೂ ಚಕ್ರಗಳನ್ನು ಒಟ್ಟಿಗೆ ಬಿಗಿಯುವ ಲಾಕರ್ ಇರಬಹುದು.

ಹಿಂದಿನ ಆಕ್ಸಲ್‌ ನೋಡಲು ಹ್ಯಾಂಡ್‌ಬ್ರೇಕ್ ಬಿಡಬೇಕಾಗುತ್ತದೆ. ಅದನ್ನು ಲಿಫ್ಟ್ ಇರುವ ಗ್ಯಾರೇಜ್‌ನಲ್ಲೇ ಮಾಡಿಸಿ. ಆದರೆ ನೋಡದೆ ಮಾತ್ರ ಇರಬೇಡಿ. ಹಿಂದೆ ಮುಂದೆ ರೇಶಿಯೊ ಬೇರೆ ಬೇರೆ ಇದ್ದರೆ ಫೋರ್ ವೀಲ್ ಹಾಕಿದಾಗ ಎರಡು ಆಕ್ಸಲ್ ಒಂದಕ್ಕೊಂದು ಎಳೆದಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸನ್ನೇ ಹಾಳುಮಾಡುತ್ತವೆ.

ಮಾರುವವರು ಜಾಕ್ ಹಾಕಲು ಒಪ್ಪದಿದ್ದರೆ ಟೆಸ್ಟ್ ಡ್ರೈವ್‌ನಲ್ಲೇ ಅಂದಾಜು ಸಿಗುತ್ತದೆ. ನೆಲದಿಂದ ಚಕ್ರದ ನಡುವಿಗೆ ಎಷ್ಟು ಇಂಚು ಅಂತ ಅಳೆದು ಎರಡರಿಂದ ಗುಣಿಸಿ. ಟೈರ್ ಮೇಲೆ 35 ಅಂತಿದ್ದರೂ 34 ಬರಬಹುದು. ಆರು ಗೇರಿನ ಜೆಕೆ ಮ್ಯಾನ್ಯುಯಲ್‌ನಲ್ಲಿ ಐದನೇ ಗೇರ್ ನೇರ ಒಂದಕ್ಕೊಂದು, ಅಂದರೆ ಎಂಜಿನ್ ಒಂದು ಸುತ್ತಿಗೆ ಶಾಫ್ಟೂ ಒಂದೇ ಸುತ್ತು. ಅದರಲ್ಲಿ 60 ಮೈಲಿ ವೇಗದಲ್ಲಿ ಹೋಗಿ. ಟೈರ್ ಬದಲಾಗಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸಬಹುದು, ಪಕ್ಕದಲ್ಲಿ ಕೂತವರು ಫೋನಿನ ಜಿಪಿಎಸ್ ನೋಡಲಿ. ಆರ್‌ಪಿಎಂ ಅನ್ನು ಟೈರಿನ ಇಂಚಿನಿಂದ ಗುಣಿಸಿ, ವೇಗದಿಂದಲೂ 336ರಿಂದಲೂ ಭಾಗಿಸಿ. 34 ಇಂಚಿನ ಟೈರಿಗೆ ಆರ್‌ಪಿಎಂ 2420 ಇದ್ದರೆ 4.08 ಬರುತ್ತದೆ, ಅಂದರೆ 4.10ರ ಗೇರ್. 3.73 ಆಗಿದ್ದರೆ 2210ರ ಆಸುಪಾಸು ನಿಲ್ಲುತ್ತಿತ್ತು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಡೀಲರ್ ಆದರೆ ವಾರಂಟಿ ಇದೆಯೋ ಇಲ್ಲವೋ ಅಂತ ಬೈಯರ್ಸ್ ಗೈಡ್ ಕಾಗದವನ್ನು ಗಾಡಿಯ ಮೇಲೆ ಹಾಕಲೇಬೇಕು. ಸ್ವಂತ ಗಾಡಿ ಮಾರುವವರಿಗೆ ಆ ನಿಯಮವಿಲ್ಲ. ಸಾಮಾನ್ಯವಾಗಿ ಗಾಡಿ ಇದ್ದ ಹಾಗೇ ನಿಮ್ಮದಾಗುತ್ತದೆ. ಆಮೇಲೆ ಎರಡೂ ಆಕ್ಸಲ್ ಗೇರ್ ಬದಲಿಸಲು ಗ್ಯಾರೇಜ್‌ಗೆ ಕೊಟ್ಟರೆ ಖರ್ಚು ಸಾವಿರ ಡಾಲರ್ ದಾಟುತ್ತದೆ. ಗೇರ್ ಬದಲಿಸಿದ್ದೇವೆ ಅಂತ ಮಾರುವವರು ಹೇಳಿದರೆ ರಸೀದಿ ಕೇಳಿ. ಹಿಂದಿನ, ಮುಂದಿನ ರೇಶಿಯೊ ಎರಡನ್ನೂ ಬಿಲ್ ಆಫ್ ಸೇಲ್‌ನಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.