ಮುಳುಗಡೆ ಊರಿನ ಸಭೆ, ಮಣಿಪುರದಿಂದ ಬಂದವರು: ನಾವು ನಡೆಸಿದ ರೀತಿ

ಬಾಗಲಕೋಟೆಯವರಿಗೆ ‘ಸಂತ್ರಸ್ತರು’ ಎಂಬ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿ ಬಿಟ್ಟುಕೊಟ್ಟು ನವನಗರದ ಸೆಕ್ಟರ್‌ಗಳಿಗೆ ಬಂದವರು ನಮ್ಮ ಚರ್ಚಿನ ಸಭೆಯ ಬೆಂಚುಗಳಲ್ಲೇ ಕೂತಿರುತ್ತಾರೆ. ಆದರೆ ಮುಳುಗಡೆ ಬೇರೆ, ಗಲಭೆ ಬೇರೆ. ನೀರು ಬರುವ ಮುಂಚೆ ನೋಟಿಸು ಬರುತ್ತದೆ, ತಡವಾದರೂ ಪರಿಹಾರ ಬರುತ್ತದೆ, ಇಡೀ ಓಣಿ ಒಟ್ಟಿಗೆ ಎದ್ದು ಹೋಗುತ್ತದೆ. ಬೆಂಕಿ ಹಚ್ಚಿದವರು ಪಕ್ಕದ ಓಣಿಯವರೇ ಆಗಿದ್ದರೆ ಈ ಮೂರೂ ಇಲ್ಲ. ಈ ವ್ಯತ್ಯಾಸ ತಲೆಯಲ್ಲಿಟ್ಟುಕೊಳ್ಳದೆ ಕೈ ಹಾಕಿದರೆ ಪ್ರಾರ್ಥನೆಯಿಂದ ಹಿಡಿದು ಅಕ್ಕಿಯ ಲೆಕ್ಕದವರೆಗೆ ಎಲ್ಲದರಲ್ಲೂ ಎಡವುತ್ತೇವೆ.

2023ರ ಮೇ 3ರಂದು ಮಣಿಪುರದಲ್ಲಿ ಹಿಂಸೆ ಶುರುವಾಗಿ 60,000ಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಪರಿಹಾರ ಶಿಬಿರಗಳಲ್ಲಿ ಉಳಿದವರ ಜೊತೆಗೆ, ಕೆಲಸ, ಓದು, ನೆಂಟರನ್ನು ಹುಡುಕಿಕೊಂಡು ದೂರದ ರಾಜ್ಯಗಳಿಗೆ ಹೋದವರೂ ಇದ್ದಾರೆ. ಇಂಥವರಿಗಾಗಿ ಸಣ್ಣ ಕನ್ನಡ ಸಭೆಯೊಂದು ಏನು ಮಾಡಬಹುದು, ಎಲ್ಲಿ ಕೆಡುತ್ತದೆ ಎಂಬುದಷ್ಟನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಪ್ರಾರ್ಥನೆ, ಏಕೆಂದರೆ ಹೆಚ್ಚು ತಪ್ಪಾಗುವುದು ಅಲ್ಲೇ. ಮುಂದೆ ನಿಂತವರು ವಾಟ್ಸಾಪಿನಲ್ಲಿ ಬಂದ ವಿಡಿಯೊವನ್ನು ದೇವರಿಗೆ ವರ್ಣಿಸತೊಡಗಿದರೆ ಅದು ವಾರ್ತೆ ಓದಿದಂತಾಗುತ್ತದೆ. ಹಾಗಾಗಿ ಈ ಪ್ರಾರ್ಥನೆಯನ್ನು ಬರೆದೇ ಓದಿಸುತ್ತೇವೆ. ಕೈಬರಹದ ಒಂದು ಪುಟ, ಮೌನವೂ ಸೇರಿ ಏಳೆಂಟು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಶನಿವಾರ ಸಂಜೆ ಇಬ್ಬರು ಅದನ್ನು ಓದಿ ನೋಡುತ್ತಾರೆ. ಒಬ್ಬರು ಸತ್ಯವೇದ (ಬೈಬಲ್) ಬಲ್ಲವರು, ಇನ್ನೊಬ್ಬರು ಅಲ್ಲಿನ ಸಂಗತಿ ಬಲ್ಲವರು. ಎರಡನೆಯವರ ಕೆಲಸವೇ ದೊಡ್ಡದು. ‘ಕ್ರೈಸ್ತರ ಮೇಲೆ ಅನ್ಯರು ಎದ್ದಿದ್ದಾರೆ’ ಎಂದು ಬರೆದರೆ ಅವರು ಅದಕ್ಕೆ ಗೆರೆ ಎಳೆಯಬೇಕು. ಜಗಳದ ಬೇರು ಭೂಮಿ, ಪರಿಶಿಷ್ಟ ಪಂಗಡದ ಸ್ಥಾನಮಾನ, ಬೆಟ್ಟ ಮತ್ತು ಕಣಿವೆಗಳ ನಡುವಿನ ಹಳೆಯ ಅನುಮಾನ. ಹೆಚ್ಚಾಗಿ ಕ್ರೈಸ್ತರಾದ ಬೆಟ್ಟದ ಕುಕಿ-ಜೋ ಜನ ಇಂಫಾಲ ಕಣಿವೆಯಿಂದ ಓಡಿದರು, ಹೆಚ್ಚಾಗಿ ಹಿಂದೂಗಳಾದ ಕಣಿವೆಯ ಮೈತೇಯಿಗಳು ಚುರಾಚಾಂದಪುರ ಮತ್ತು ಮೋರೆಯಿಂದ ಓಡಿದರು. ಚರ್ಚುಗಳು ಸುಟ್ಟವು, ದೇವಸ್ಥಾನಗಳೂ ಸುಟ್ಟವು. ಮೈತೇಯಿಗಳಲ್ಲೂ ಕ್ರೈಸ್ತರಿದ್ದಾರೆ, ಅವರ ಚರ್ಚುಗಳೂ ಉಳಿಯಲಿಲ್ಲ. ಇಷ್ಟು ತಿಳಿದ ಮೇಲೆ ‘ನಮ್ಮವರು’ ಎಂಬ ಪದ ಬರೆಯಲು ಕೈ ತಾನೇ ಹಿಂಜರಿಯುತ್ತದೆ. ಆ ಜಾಗದಲ್ಲಿ ಊರಿನ ಹೆಸರು ಬರೆಯುತ್ತೇವೆ: ಚುರಾಚಾಂದಪುರ, ಕಾಂಗ್‌ಪೋಕ್ಪಿ, ಮೊಯಿರಾಂಗ್, ಇಂಫಾಲ. ಊರಿನ ಹೆಸರು ಹಿಡಿದು ಪ್ರಾರ್ಥಿಸಿದರೆ ಪಕ್ಷ ಹಿಡಿಯುವುದು ಕಷ್ಟ.

ಸತ್ಯವೇದದ ವಚನದ ಆಯ್ಕೆಯಲ್ಲೂ ಎಚ್ಚರ ಬೇಕು. ಕೀರ್ತನೆ 137 ಬಾಬೆಲಿನ ನದಿಗಳ ಬಳಿ ಕೂತು ಅತ್ತವರದು, ನಿರಾಶ್ರಿತರ ಹಾಡೇ. ಆದರೆ ಅದರ ಕೊನೆಯ ವಚನ ವೈರಿಯ ಹಸುಗೂಸುಗಳನ್ನು ಬಂಡೆಗೆ ಅಪ್ಪಳಿಸುವ ಮಾತಿಗೆ ಬಂದು ನಿಲ್ಲುತ್ತದೆ. ಆರಾಧನೆಯಲ್ಲಿ ಆರನೇ ವಚನಕ್ಕೆ ನಿಲ್ಲಿಸಿ, ಉಳಿದದ್ದನ್ನು ವಾರದ ಮನೆಕೂಟದಲ್ಲಿ, ಹೊತ್ತು ಇದ್ದಾಗ ಓದುವುದು ಲೇಸು. ಮುಚ್ಚಿಡುವುದು ಬೇಡ, ಸೇಡಿನ ಆಸೆ ಎಷ್ಟು ನಿಜವೋ ಅದನ್ನು ದೇವರ ಮುಂದೆ ಹೇಳಿದ್ದೂ ಅಷ್ಟೇ ನಿಜ. ನಮಗೆ ಹೆಚ್ಚು ಒದಗಿದ್ದು ಪ್ರಲಾಪಗಳ ಐದನೇ ಅಧ್ಯಾಯ. ‘ನಮ್ಮ ಪಿತ್ರಾರ್ಜಿತ ಆಸ್ತಿ ಪರರ ಪಾಲಾಯಿತು, ಮನೆಗಳು ಅನ್ಯರ ಪಾಲಾದವು’ ಎಂಬರ್ಥದ ಅದರ ಎರಡನೇ ವಚನ ಕೇಳಿದಾಗ ಮುಳುಗಡೆಯ ಹಿರಿಯರು ತಲೆ ಎತ್ತುತ್ತಾರೆ. ಇಪ್ಪತ್ತೆರಡೇ ವಚನ, ಸಮಾಧಾನವಿಲ್ಲದೆ ಮುಗಿಯುತ್ತದೆ. ಹಾಗೆಯೇ ಮುಗಿಯಲಿ ಎಂದು ಬಿಡುವುದು ಕಲಿಯಬೇಕು. ನಮ್ಮಲ್ಲಿ ಕೂಡಲೇ ಯಾರಾದರೂ ಹಲ್ಲೆಲೂಯ ಹಾಡು ಎತ್ತಿಬಿಡುತ್ತಾರೆ. ಅದಕ್ಕೇ ಮೌನಕ್ಕೆ ಮುಂಚೆ ‘ಎರಡು ನಿಮಿಷ ಸುಮ್ಮನಿರೋಣ, ಗಂಟೆ ಬಾರಿಸುತ್ತೇವೆ’ ಎಂದು ಹೇಳಿ, ಕೀಬೋರ್ಡ್ ನುಡಿಸುವವರಿಗೂ ಮುಂಚೆಯೇ ತಿಳಿಸಿರಬೇಕು. ಹಿನ್ನೆಲೆ ಸಂಗೀತ ಬೇಡವೇ ಬೇಡ.

ಇನ್ನು ‘ಸಾಕ್ಷಿ’, ಅಂದರೆ ಸಭೆಯ ಮುಂದೆ ತಮ್ಮ ಅನುಭವ ಹೇಳುವುದು. ಊರಿಗೆ ಬಂದ ಕುಟುಂಬವನ್ನು ಮೊದಲ ರವಿವಾರವೇ ಮೈಕಿನ ಮುಂದೆ ನಿಲ್ಲಿಸುವ ಚಾಳಿ ನಮ್ಮ ಸಭೆಗಳಿಗೆ ಇದೆ. ಇದನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕು. ಕಂಡದ್ದನ್ನು ಒತ್ತಾಯಕ್ಕೆ ಮತ್ತೆ ಹೇಳಿದವರು ಆ ರಾತ್ರಿ ಮಲಗುವುದಿಲ್ಲ. ಮೇಲಾಗಿ ಅವರ ನೆಂಟರು ಇನ್ನೂ ಅಲ್ಲೇ ಇರುತ್ತಾರೆ, ಹೆಸರು ಮತ್ತು ಮುಖ ಫೇಸ್‌ಬುಕ್ಕಿಗೆ ಹೋದರೆ ಅಪಾಯ ಅವರಿಗೆ. ಆರು ತಿಂಗಳು ಮೈಕು ಇಲ್ಲ, ಫೋಟೊ ಇಲ್ಲ, ಸಭೆಯ ವಾರ್ಷಿಕ ವರದಿಯಲ್ಲಿ ಹೆಸರೂ ಇಲ್ಲ ಎಂಬುದು ನಮ್ಮ ನಿಯಮ. ತಾವಾಗಿ ಹೇಳಿಕೊಂಡರೆ ಕೇಳಬೇಕು, ಕೆದಕಬಾರದು. ನಿದ್ದೆ ಇಲ್ಲದಿರುವುದು, ಸಪ್ಪಳಕ್ಕೆ ಬೆಚ್ಚುವುದು, ಊಟ ಸೇರದಿರುವುದು ಮೊದಲ ವಾರಗಳಲ್ಲಿ ಸಹಜ. ಒಂದು ತಿಂಗಳು ದಾಟಿದರೂ ಕಡಿಮೆಯಾಗದಿದ್ದರೆ ವೈದ್ಯರು ಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ಹತ್ತಿರ, ಫೋನಿಗೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416 ಇದೆ. ಯಾರಾದರೂ ಸಾಯುವ ಮಾತಾಡಿದರೆ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ, ಅಂದೇ ಕರೆದೊಯ್ಯಬೇಕು. ‘ಪ್ರಾರ್ಥನೆ ಮಾಡಿ, ಹೋಗುತ್ತದೆ’ ಎನ್ನುವ ಹಿರಿಯರನ್ನು ಆ ಮನೆಗೆ ಕಳಿಸುವುದಿಲ್ಲ, ಇದನ್ನು ಬೇಸರವಿಲ್ಲದೆ ಹೇಳುತ್ತೇನೆ.

ಸಾಮಾನು ಕಳಿಸುವ ಬಗ್ಗೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಕಟಗ ರೊಟ್ಟಿ, ಶೇಂಗಾ ಚಟ್ನಿ, ಕೌದಿ ಕೊಟ್ಟು ರೂಢಿಯಾದ ಕೈ ನಮ್ಮದು. ಅಂದು ಅದು ಸರಿ ಇತ್ತು, ಟ್ರ್ಯಾಕ್ಟರ್‌ನಲ್ಲಿ ಎರಡು ತಾಸಿನ ದಾರಿ, ತಿನ್ನುವವರೂ ರೊಟ್ಟಿಯವರೇ. ಮಣಿಪುರಕ್ಕೆ ಅದೇ ಲೆಕ್ಕ ನಡೆಯುವುದಿಲ್ಲ. 2023ರಲ್ಲಿ ಇಂಫಾಲಕ್ಕೆ ರೈಲು ಮುಟ್ಟಿರಲಿಲ್ಲ. ದಿಮಾಪುರದ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 2, ಜಿರಿಬಾಮ್ ಕಡೆಯಿಂದ ಹೆದ್ದಾರಿ 37, ಆಗ ಎರಡರ ಮೇಲೂ ಬಂದ್ ಮತ್ತು ತಡೆ. ಕೌದಿಯೊಂದು ಎರಡು-ಮೂರು ಕೆ.ಜಿ. ತೂಗುತ್ತದೆ, ಅಲ್ಲಿನ ಮಳೆಗೆ ಒಮ್ಮೆ ನೆನೆದರೆ ದಿನಗಟ್ಟಲೆ ಒಣಗುವುದಿಲ್ಲ. ಹಳೇ ಬಟ್ಟೆಯಂತೂ ವಿಂಗಡಿಸಲು ಜನ ಬೇಕು, ಹರಿದದ್ದನ್ನು ಎಸೆಯಲು ಜಾಗ ಬೇಕು, ಎರಡೂ ಭಾರ ಬೀಳುವುದು ಶಿಬಿರದವರ ಮೇಲೆ. ಸಾಗಣೆಯ ಖರ್ಚಿನಲ್ಲಿ ಅಲ್ಲೇ ಹೊಸ ಕಂಬಳಿ ಸಿಗುತ್ತದೆ. ಆದ್ದರಿಂದ ದೂರಕ್ಕೆ ದುಡ್ಡು, ಹತ್ತಿರಕ್ಕೆ ಸಾಮಾನು.

ದುಡ್ಡಿಗೂ ಕಟ್ಟಲೆಗಳಿವೆ, ಖಜಾಂಚಿ ಇವನ್ನು ಮೊದಲೇ ತಿಳಿದಿರಬೇಕು. ಈ ನಿಧಿಗೆ ಪ್ರತ್ಯೇಕ ರಸೀದಿ ಪುಸ್ತಕ, ಪ್ರತ್ಯೇಕ ಪುಟ. ಭಾನುವಾರದ ಕಾಣಿಕೆಯೊಳಗೆ ಬೆರೆಸಿದರೆ ಎರಡನೇ ತಿಂಗಳಿಗೇ ಲೆಕ್ಕ ಕೈ ತಪ್ಪುತ್ತದೆ. ಸಭೆಯ ಖಾತೆಯಿಂದ ನೋಂದಾಯಿತ ಸಂಸ್ಥೆಯ ಖಾತೆಗೆ ನೇರ ವರ್ಗಾವಣೆ ಮಾತ್ರ, ಅಲ್ಲಿನ ಪರಿಚಯದ ಪಾಸ್ಟರ ಸ್ವಂತ ಖಾತೆಗೆ ಅಲ್ಲ. ಅವರು ಪ್ರಾಮಾಣಿಕರಾಗಿದ್ದರೂ ನಾಳೆ ಲೆಕ್ಕ ಕೇಳಿದಾಗ ಸಿಕ್ಕಿಹಾಕಿಕೊಳ್ಳುವವರು ಅವರೇ. ಆದಾಯ ತೆರಿಗೆ ವಿನಾಯಿತಿಯ ರಸೀದಿ ಬೇಕೆನ್ನುವ ದಾನಿಗೆ ₹2,000ಕ್ಕಿಂತ ಹೆಚ್ಚಿನ ನಗದಿಗೆ ಆ ವಿನಾಯಿತಿ ಇಲ್ಲ ಎಂದು ಮೊದಲೇ ಹೇಳಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕ್ಯೂಆರ್ ಕೋಡು. ಅದನ್ನು ಯಾರೋ ಅಮೆರಿಕದ ಅಳಿಯನಿಗೆ ಕಳಿಸುತ್ತಾರೆ. ಅಳಿಯನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯ ಕೊಟ್ಟರೆ ತೊಂದರೆಯಿಲ್ಲ. ವಿದೇಶಿ ಪಾಸ್‌ಪೋರ್ಟ್ ಪಡೆದಿದ್ದರೆ, ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಸಭೆ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಾಗಾಗಿ ಕೋಡನ್ನು ಗುಂಪುಗಳಲ್ಲಿ ಹಂಚದೆ, ಚರ್ಚಿನ ಬಾಗಿಲಲ್ಲಿ ಮಾತ್ರ ಅಂಟಿಸಿದೆವು.

ಕರೆ ಕೊಟ್ಟ ಮೊದಲ ವಾರ ಪೆಟ್ಟಿಗೆ ತುಂಬುತ್ತದೆ, ಮೂರನೇ ತಿಂಗಳಿಗೆ ತಳ ಕಾಣುತ್ತದೆ. ಟಿವಿಯಲ್ಲಿ ಸುದ್ದಿ ನಿಂತಾಗ ಕಾಣಿಕೆಯೂ ನಿಲ್ಲುತ್ತದೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಅದಕ್ಕೆ ಒಮ್ಮೆಲೇ ₹1,000 ಕೇಳುವ ಬದಲು ತಿಂಗಳಿಗೆ ₹100ರಂತೆ ಹತ್ತು ತಿಂಗಳು ಕೊಡುವ ಚೀಟಿ ಬರೆಸಿಕೊಂಡರೆ ಕುಟುಂಬಕ್ಕೆ ಮಾತು ಕೊಡಲು ಧೈರ್ಯ ಬರುತ್ತದೆ.

ಈಗ ಊರಿಗೇ ಬಂದವರ ವಿಷಯ. ಚರ್ಚಿನ ಹಾಲ್‌ನಲ್ಲಿ ಇರಿಸುವುದು ಮೂರು ರಾತ್ರಿಗೆ ಸರಿ, ತಿಂಗಳಿಗಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಇರುವ ಬಾಡಿಗೆ ಮನೆ ಬೇಕು. ತಗಡಿನ ಮಾಳಿಗೆ ಬೇಡ, ಬೆಟ್ಟದ ಹವೆಯವರು ನಮ್ಮ ಏಪ್ರಿಲ್‌ನ 40 ಡಿಗ್ರಿಯಲ್ಲಿ ಅದರಡಿ ಕೂಡಲಾರರು. ತುರ್ತು ಪರಿಹಾರದ ಅಂತರರಾಷ್ಟ್ರೀಯ ಅಳತೆಯಲ್ಲಿ ತಲೆಗೆ ಕನಿಷ್ಠ 3.5 ಚದರ ಮೀಟರ್ ಸೂರು, ದಿನಕ್ಕೆ 15 ಲೀಟರ್ ನೀರು. ನಳ ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ನಾಲ್ಕು ಜನಕ್ಕೆ ಅದು 240 ಲೀಟರ್ ಆಯಿತು. ಬಟ್ಟೆ, ಪಾತ್ರೆ, ಬೇಸಿಗೆಯ ಎರಡನೇ ಸ್ನಾನ ಸೇರಿಸಿ 500 ಲೀಟರಿನ ಟ್ಯಾಂಕು ಇಡಿಸುವುದು ಸರಿ. ಅಡುಗೆಗೆ 5 ಕೆ.ಜಿ.ಯ ಸಣ್ಣ ಸಿಲಿಂಡರ್, ಅದಕ್ಕೆ ವಿಳಾಸದ ಪುರಾವೆ ಕೇಳುವುದಿಲ್ಲ, ಗುರುತಿನ ಚೀಟಿ ಸಾಕು.

ಅಕ್ಕಿಯ ಲೆಕ್ಕ ತಪ್ಪುವುದು ಸಾಮಾನ್ಯ. ರೊಟ್ಟಿಯ ಮನೆಯವರು ತಿಂಗಳಿಗೆ ತಲೆಗೆ ಏಳೆಂಟು ಕೆ.ಜಿ. ಎಂದು ಅಂದಾಜು ಹಾಕುತ್ತಾರೆ. ಎರಡು ಹೊತ್ತು ಅನ್ನವೇ ಊಟವಾದವರಿಗೆ 12ರಿಂದ 14 ಕೆ.ಜಿ. ಬೇಕು. ಎಣ್ಣೆ ನಮ್ಮ ಅರ್ಧದಷ್ಟು ಸಾಕು, ಜೋಳದ ಹಿಟ್ಟು ಕೇಳಿದರೆ ಮಾತ್ರ. ಒಣಮೀನು, ಹುದುಗಿಸಿದ ಮೀನು ಅವರಿಗೆ ನಮ್ಮ ಗುರೆಳ್ಳು ಚಟ್ನಿಯಿದ್ದಂತೆ, ಇಲ್ಲದಿದ್ದರೆ ಊಟ ಇಳಿಯುವುದಿಲ್ಲ. ಆ ವಾಸನೆಗೆ ಅಕ್ಕಪಕ್ಕದವರು ತಕರಾರು ತೆಗೆಯುತ್ತಾರೆ. ಮನೆ ಮಾಡುವ ಮುಂಚೆಯೇ ಮಾಲೀಕರಿಗೆ ಮಾಂಸದ ವಿಷಯ ಬಾಯಿಬಿಟ್ಟು ಹೇಳಿಬಿಡಬೇಕು. ಹೇಳದೆ ಸೇರಿಸಿದರೆ ಎರಡನೇ ತಿಂಗಳು ಮನೆ ಖಾಲಿ ಮಾಡಿಸುತ್ತಾರೆ, ಓಡಿ ಬಂದವರನ್ನು ನಾವೇ ಮತ್ತೊಮ್ಮೆ ಓಡಿಸಿದಂತಾಗುತ್ತದೆ.

ರೇಷನ್ ಕಾರ್ಡ್ ಮಣಿಪುರದ್ದಾದರೂ ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಜೊತೆಗೆ ಒಬ್ಬರು ಹೋಗಬೇಕು. ಮಗುವಿನ ಟಿಸಿ ಸುಟ್ಟುಹೋಗಿದ್ದರೂ 6ರಿಂದ 14 ವರ್ಷದವರನ್ನು ಸರ್ಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು. ವರ್ಗಾವಣೆ ಪತ್ರ ತಡವಾದದ್ದಾಗಲಿ ವಯಸ್ಸಿನ ದಾಖಲೆ ಇಲ್ಲದ್ದಾಗಲಿ ಕಾರಣವಾಗದು ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಕಾಯ್ದೆಯ ಆ ಎರಡು ಕಲಂಗಳ ಪ್ರತಿ ಕೈಯಲ್ಲಿದ್ದರೆ ವಾದವೇ ಬೇಕಾಗುವುದಿಲ್ಲ. ಬಾಡಿಗೆದಾರರ ವಿವರ ಠಾಣೆಗೆ ಮೊದಲ ವಾರವೇ ಕೊಡುವುದು ಒಳ್ಳೆಯದು, ಗಾಳಿಮಾತು ಹುಟ್ಟುವ ಮುಂಚೆ.

ಮ್ಯಾನ್ಮಾರ್‌ನಿಂದ ಬಂದವರಾದರೆ ದಾರಿಯೇ ಬೇರೆ. 2021ರ ಫೆಬ್ರುವರಿಯ ಸೇನಾ ಕ್ರಾಂತಿಯ ನಂತರ ಚಿನ್ ಬುಡಕಟ್ಟಿನ ಜನ ಸಾವಿರಗಟ್ಟಲೆ ಮಿಜೋರಾಮಿಗೆ ಬಂದರು, ಅಲ್ಲಿನ ಚರ್ಚುಗಳೂ ಯಂಗ್ ಮಿಜೋ ಅಸೋಸಿಯೇಷನ್ನೂ ಅವರನ್ನು ತಮ್ಮ ರಕ್ತಸಂಬಂಧಿಗಳೆಂದೇ ನೋಡಿಕೊಂಡವು. ಆದರೆ ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಕಾನೂನಿನ ಕಣ್ಣಿಗೆ ಅವರು ವಿದೇಶಿಯರು. ವಿದೇಶಿಯನ್ನು ಮನೆಯಲ್ಲಿ ಇರಿಸಿಕೊಂಡವರು 24 ತಾಸಿನೊಳಗೆ ಆ ವಿವರವನ್ನು ನಿಗದಿತ ಫಾರ್ಮಿನಲ್ಲಿ ಸರ್ಕಾರಕ್ಕೆ ಕೊಡಬೇಕು. ಕರುಣೆಯಿಂದ ಬಚ್ಚಿಡುವುದು ಅವರಿಗೇ ಮುಳುವು, ಮೊದಲು ವಕೀಲರ ಬಳಿ ಹೋಗಬೇಕು.

ಕೆಲಸ ಹುಡುಕುವಾಗ ಒಂದು ಆಸೆಯ ಮಾತು ಪದೇಪದೇ ಕೇಳುತ್ತೇವೆ: ‘ಮಣಿಪುರದ ಹೆಣ್ಣುಮಕ್ಕಳಿಗೆ ನೇಯ್ಗೆ ಬರುತ್ತದಲ್ಲ, ಇಳಕಲ್‌ಗೋ ಗುಳೇದಗುಡ್ಡಕ್ಕೋ ಕಳಿಸಿಬಿಡಿ.’ ಬೆಟ್ಟದವರದು ಸೊಂಟಕ್ಕೆ ಕಟ್ಟಿಕೊಂಡು ಮೈ ಹಿಂದಕ್ಕೆ ಬಾಗಿಸಿ ಹಾಸು ಬಿಗಿ ಹಿಡಿಯುವ ಮಗ್ಗ, ಬಟ್ಟೆಯ ಅಗಲ ಕಡಿಮೆ. ಇಳಕಲ್ಲಿನದು ಕುಣಿ ಮಗ್ಗ, ಕಾಲಿನ ಕೆಲಸ, ಮೇಲಾಗಿ ಒಡಲಿನ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕುವ ತೋಪು-ತೆನಿ. ಕೈ ಪಳಗಿದ ನೇಕಾರ್ತಿಗೂ ಅದು ಹೊಸ ವಿದ್ಯೆ, ನಮ್ಮ ನೇಕಾರರಿಗೇ ಅದರ ಕೂಲಿ ಸಾಲುತ್ತಿಲ್ಲ. ಅವರನ್ನೇ ಕೇಳಿದರೆ ನರ್ಸಿಂಗ್, ಬ್ಯೂಟಿಪಾರ್ಲರ್, ಹೋಟೆಲು ಎನ್ನುತ್ತಾರೆ. ಕೇಳುವುದೇ ಮೊದಲ ಹೆಜ್ಜೆ. ಬಾಡಿಗೆಯನ್ನು ಮೂರು ತಿಂಗಳು ಪೂರ್ತಿ, ನಾಲ್ಕು-ಐದನೇ ತಿಂಗಳು ಅರ್ಧ, ಆರರಿಂದ ಇಲ್ಲ ಎಂದು ಮೊದಲ ದಿನವೇ ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಟ್ಟರೆ ಇಬ್ಬರಿಗೂ ಮುಜುಗರವಿಲ್ಲ.

ನೆರವಿನ ಚೀಲದಲ್ಲಿ ಸುವಾರ್ತೆಯ ಕರಪತ್ರ ಇಡುವುದಿಲ್ಲ. ನೆರವನ್ನು ಮತಪ್ರಚಾರಕ್ಕೆ ಬಳಸಬಾರದೆಂದು 1994ರ ರೆಡ್‌ಕ್ರಾಸ್ ನೀತಿಸಂಹಿತೆ ಹೇಳುತ್ತದೆ. ಅದಿಲ್ಲದಿದ್ದರೂ, ಹಸಿದವನು ‘ಹೂಂ’ ಎಂದದ್ದನ್ನು ನಂಬಿಕೆ ಎಂದು ಬರೆದುಕೊಳ್ಳಲು ನಮಗೇ ನಾಚಿಕೆಯಾಗಬೇಕು. ಬಂದವರು ಮೈತೇಯಿಗಳ ಮೂಲ ಧರ್ಮವಾದ ಸನಾಮಹಿಯ ಭಕ್ತರಾಗಿರಲಿ, ಬ್ಯಾಪ್ಟಿಸ್ಟರಾಗಿರಲಿ, ಅಕ್ಕಿ ಅಷ್ಟೇ, ಬಾಡಿಗೆ ಅಷ್ಟೇ. ಮತ್ತಾಯ 25ರಲ್ಲಿ ಪರದೇಶಿಯನ್ನು ಸೇರಿಸಿಕೊಂಡವರ ಮಾತು ಬರುತ್ತದಲ್ಲ, ಅಲ್ಲಿ ಅವನ ಸಭೆ ಯಾವುದೆಂದು ಯಾರೂ ಕೇಳಿಲ್ಲ. ಮನೆಭೇಟಿಗೆ ಯಾವಾಗಲೂ ಇಬ್ಬರು, ಅವರಲ್ಲಿ ಒಬ್ಬರು ಸ್ತ್ರೀಯರ ಕೂಟದವರು, ಸಂಜೆ ಏಳರ ನಂತರ ಭೇಟಿ ಇಲ್ಲ.

ಕುಟುಂಬ ಊರು ಬಿಡುವಾಗ ಕೊಡುವ ಲಕೋಟೆಯನ್ನು ಒಂದು ವಾರ ಮುಂಚೆಯೇ ಸಿದ್ಧಮಾಡಬೇಕು: ಮಕ್ಕಳ ಟಿಸಿ, ಲಸಿಕೆಯ ಕಾರ್ಡು, ಆಸ್ಪತ್ರೆಯ ಚೀಟಿಗಳು, ಬಾಡಿಗೆ ಕರಾರಿನ ಪ್ರತಿ, ಕೆಲಸ ಕೊಟ್ಟವರ ಪತ್ರ. ಎಲ್ಲದರ ಜೆರಾಕ್ಸ್ ಎರಡು, ಪ್ಲಾಸ್ಟಿಕ್ ಕವರಿನಲ್ಲಿ. ಸಿಲಿಂಡರ್ ಏಜೆನ್ಸಿಗೆ ಹಿಂದಿರುಗಿಸಿ ಬಂದ ಮೊತ್ತ ಅವರದೇ, ಸಭೆಯದಲ್ಲ. ಟ್ಯಾಂಕು ಮಾತ್ರ ಮುಂದಿನವರಿಗೆ ಇಟ್ಟುಕೊಳ್ಳುತ್ತೇವೆ.